ಕೆಂಪಗಾದ ಹಳೆ ಕಲರ್ ಫೋಟೋ ಸ್ಟುಡಿಯೋಗೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮನೆಯ ಹಳೆ ಕಲರ್ ಫೋಟೋ ಕೆಂಪಗಾಗಿದೆ, ಕೊಟ್ಟು ಸರಿ ಮಾಡಿಸೋಣ ಅಂತ ಹೊರಟಿದ್ದೀರಾ? ಅಂಗಡಿಯವರಿಗೆ ಮೊದಲು ಒಂದು ಪ್ರಶ್ನೆ ಕೇಳಿ. ಫೋಟೋದಲ್ಲಿ ಉಳಿದಿರುವ ಬಣ್ಣವನ್ನೇ ಎತ್ತಿ ಕೊಡುತ್ತೀರೋ, ಇಲ್ಲಾ ಹೊಸದಾಗಿ ಬಳಿದು ಕೊಡುತ್ತೀರೋ? ಉತ್ತರ ತಡವರಿಸಿದರೆ ಫೋಟೋ ವಾಪಸ್ ಚೀಲದಲ್ಲಿಟ್ಟುಕೊಂಡು ಬನ್ನಿ.

ನಮ್ಮ ಫೋಟೋ 1981ರದು. ಅವ್ವ-ಅಪ್ಪನ ಮದುವೆಯಾದ ಹೊಸದರಲ್ಲಿ ತೆಗೆಸಿದ್ದು. ನಡುವೆ ಕುರ್ಚಿಯಲ್ಲಿ ಪಟಗಾ ಸುತ್ತಿದ ಅಜ್ಜ, ಹಿಂದೆ ಅಪ್ಪ, ಪಕ್ಕದಲ್ಲಿ ಗಿಣಿಹಸಿರು ಇಳಕಲ್ ಸೀರೆ ಉಟ್ಟ ಅವ್ವ. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ವರ್ಷ ಕಳೆದ ಹಾಗೆ ಹಸಿರೆಲ್ಲ ಹೋಗಿ ಇಡೀ ಫೋಟೋ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮಳೆಗಾಲದ ತೇವಕ್ಕೆ ಮೇಲಿನ ಒಂದು ಭಾಗ ಗಾಜಿಗೆ ಅಂಟಿಕೊಂಡಿತ್ತು.

ಹುಬ್ಬಳ್ಳಿಯ ಒಂದು ಸ್ಟುಡಿಯೋಗೆ ಕೊಟ್ಟೆ. ಹೆಸರು ಹೇಳುವುದಿಲ್ಲ, ಹೆಸರಿಗಿಂತ ಕೆಲಸದ ರೀತಿ ಮುಖ್ಯ. ಕೊಡುವಾಗಲೇ ಎರಡು ಮಾತು ಒತ್ತಿ ಹೇಳಿದ್ದೆ. ಗಾಜಿನಿಂದ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಮುಖ ಮುಟ್ಟಬೇಡಿ, ಬಣ್ಣ ಮಾತ್ರ ನೋಡಿ. ‘ಚಿಂತಿ ಮಾಡಬ್ಯಾಡ್ರಿ ಸರ್, ದಿನಾ ಇದ ಕೆಲಸ ನಮ್ದು’ ಅಂದರು. 1500 ರೂಪಾಯಿ, ಅರ್ಧ ಅಡ್ವಾನ್ಸ್. ಬಿಲ್ಲಿನಲ್ಲಿ ‘ಓಲ್ಡ್ ಫೋಟೋ, 1’ ಅಂತಷ್ಟೇ ಬರೆದರು. ನಾನು ಹೇಳಿದ ಎರಡು ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಮೊದಲು ವಾಟ್ಸಾಪ್‌ನಲ್ಲಿ ಬಂತು. ಚಿಕ್ಕ ಸ್ಕ್ರೀನಿನಲ್ಲಿ ಫಳಫಳ ಅಂತ ಹೊಳೆಯುತ್ತಿತ್ತು. ಮನೆಯ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದ್ದೇ ಎತ್ತಿದ್ದು. ಅವ್ವ ಮಾತ್ರ ಚಾಳೀಸು ಹಾಕಿಕೊಂಡು ನೋಡಿ ಕೇಳಿದಳು: ‘ಈಕಿ ಯಾರೋ? ನನ್ನ ಸೀರಿ ಹಸಿರು ಇತ್ತಲ್ಲ. ಸೆರಗು ಕೆಂಪು.’

ಫೋಟೋದಲ್ಲಿ ಸೀರೆ ನೇರಳೆ-ನೀಲಿಯಾಗಿತ್ತು. ಒಡಲು, ದಡಿ, ಸೆರಗು ಎಲ್ಲಾ ಒಂದೇ ಬಣ್ಣ. ಇಳಕಲ್ ಸೀರೆ ನೋಡಿದವರಿಗೆ ಇದು ಎಷ್ಟು ವಿಚಿತ್ರ ಅಂತ ಗೊತ್ತಾಗುತ್ತದೆ. ಅದರ ಒಡಲು ಯಾವ ಬಣ್ಣದ್ದಾದರೂ ಇರಲಿ, ಸೆರಗು ಕೆಂಪು, ಅದರ ಮೇಲೆ ತೋಪ್ ತೆನಿ ಅನ್ನುವ ಬಿಳಿಯ ಚಿತ್ತಾರ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿಯೇ ನೇಯುತ್ತಾರೆ. ಅಷ್ಟು ಕಷ್ಟಪಟ್ಟು ಬೇರೆ ಮಾಡಿದ ಎರಡು ಬಣ್ಣವನ್ನು ಇವರು ಒಂದು ಕ್ಲಿಕ್ಕಿನಲ್ಲಿ ಒಂದು ಮಾಡಿದ್ದರು. ಸೀರೆ ಇನ್ನೂ ಟ್ರಂಕಿನಲ್ಲಿದೆ. ಅವ್ವ ಅದನ್ನು ತೆಗೆದು ಮುಂದಿಟ್ಟ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ.

ಸ್ಟುಡಿಯೋಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗನನ್ನು ಕೇಳಿದೆ. ಪಾಪ, ಸುಳ್ಳು ಹೇಳಲಿಲ್ಲ. ಕೆಂಪು ತೆಗೆಯಲು ಕೂತರೆ ಟೈಮ್ ಹಿಡಿಯುತ್ತದಂತೆ. ಅದಕ್ಕೇ ಮೊದಲು ಬ್ಲ್ಯಾಕ್ ಆ್ಯಂಡ್ ವೈಟ್ ಮಾಡಿ, ಆಮೇಲೆ ಎಐಗೆ ಬಿಟ್ಟು ಬಣ್ಣ ಹಾಕಿಸುತ್ತಾರಂತೆ. ‘ಬಣ್ಣ ತಾನ ಹಾಕ್ತೈತ್ರಿ’ ಅಂದ.

ಇದು ಎಷ್ಟು ದೊಡ್ಡ ನಷ್ಟ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಅಂಗಡಿಗಳಲ್ಲಿ ನಡೆಯುವುದು ಇದೇ. ಕಲರ್ ಪ್ರಿಂಟಿನಲ್ಲಿ ಮೂರು ಬಣ್ಣದ ಪದರ ಇರುತ್ತವೆ: ಸಯಾನ್, ಮಜೆಂಟಾ, ಹಳದಿ. ಸಯಾನ್ ಅಂದರೆ ಹಸಿರು ಬೆರೆತ ನೀಲಿ, ಮಜೆಂಟಾ ಅಂದರೆ ಗಾಢ ಗುಲಾಬಿ. ಆ ಕಾಲದ ಬಹಳಷ್ಟು ಪೇಪರುಗಳಲ್ಲಿ ಸಯಾನ್ ತುಂಬಾ ದುರ್ಬಲ. ಬೆಳಕು ಬೀಳದ ಆಲ್ಬಮ್ಮಿನೊಳಗೆ ಇಟ್ಟರೂ ಅದು ಮಾಸುತ್ತದೆ, ಸೆಕೆ ಮತ್ತು ತೇವ ಇದ್ದರೆ ಇನ್ನೂ ಬೇಗ. ಅದು ಮಾಸಿದ ಮೇಲೆ ಉಳಿಯುವುದು ಮಜೆಂಟಾ ಮತ್ತು ಹಳದಿ. ಅವೆರಡೂ ಸೇರಿದರೆ ಕೆಂಪು. ನಿಮ್ಮ ಮನೆಯ 70, 80ರ ದಶಕದ ಫೋಟೋಗಳು ಒಂದೇ ಥರ ಕೆಂಪಗಾಗಿರುವುದು ಇದಕ್ಕೇ.

ಆದರೆ ಮಾಸಿದೆ ಅಂದರೆ ಪೂರ್ತಿ ಹೋಗಿದೆ ಅಂತ ಅಲ್ಲ. ಸಯಾನ್ ತೆಳ್ಳಗಾದರೂ ಹಸಿರು ಇದ್ದ ಕಡೆ ಸ್ವಲ್ಪ ಜಾಸ್ತಿ, ಕೆಂಪು ಇದ್ದ ಕಡೆ ಸ್ವಲ್ಪ ಕಮ್ಮಿ ಇದ್ದೇ ಇರುತ್ತದೆ. ಕಣ್ಣಿಗೆ ಕಾಣದ ಆ ವ್ಯತ್ಯಾಸವನ್ನು ಒಳ್ಳೆ ಸ್ಕ್ಯಾನರ್ ಹಿಡಿಯುತ್ತದೆ. ಸ್ಕ್ಯಾನ್ ಮಾಡಿದ ಫೈಲಿನಲ್ಲಿ ಬಣ್ಣ ಕೆಂಪು, ಹಸಿರು, ನೀಲಿ ಅಂತ ಮೂರು ಪಾಲಾಗಿ ಇರುತ್ತದೆ, ಅವಕ್ಕೆ ಚಾನೆಲ್ ಅಂತಾರೆ. ಆ ಚಾನೆಲ್‌ಗಳನ್ನು ಒಂದೊಂದಾಗಿ ಹಿಗ್ಗಿಸಿದರೆ ಹಳೆಯ ಬಣ್ಣ ಬಹಳ ಮಟ್ಟಿಗೆ ಮೇಲೆ ಬರುತ್ತದೆ. ಇದು ಊಹೆಯಲ್ಲ, ಪೇಪರಿನಲ್ಲಿ ನಿಜಕ್ಕೂ ಇರುವ ಬಣ್ಣ.

ಬ್ಲ್ಯಾಕ್ ಆ್ಯಂಡ್ ವೈಟ್ ಮಾಡಿದರೆ ಮೂರೂ ಚಾನೆಲ್ ಕಲಸಿ ಒಂದಾಗುತ್ತವೆ. ಹಸಿರು ಒಡಲು, ಕೆಂಪು ದಡಿ ಎರಡೂ ಸುಮಾರು ಒಂದೇ ಬೂದಿ ಬಣ್ಣಕ್ಕೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಯಾವ ಸಾಫ್ಟ್‌ವೇರಿಗೂ ಅವ್ವನ ಸೆರಗು ಯಾವುದು, ಒಡಲು ಯಾವುದು ಅಂತ ತಿಳಿಯುವ ದಾರಿ ಇಲ್ಲ. ಅದು ಸುಮ್ನೆ ಊಹಿಸುತ್ತದೆ. ಊಹಿಸಿದ್ದನ್ನು ಚಂದವಾಗಿ ಹಚ್ಚುತ್ತದೆ.

ಬಣ್ಣ ಹೋಗಲಿ, ಅಜ್ಜನ ಮುಖಕ್ಕೆ ಮಾಡಿದ್ದು ನೋಡಬೇಕಿತ್ತು. ಅಜ್ಜನ ಕೆನ್ನೆ ತುಂಬ ಸಿಡುಬಿನ ಕಲೆ. ನಮಗೆಲ್ಲ ಅಜ್ಜ ಅಂದರೆ ಆ ಮುಖವೇ. ಸಾಫ್ಟ್‌ವೇರಿಗೆ ಅವು ಫೋಟೋದ ಮೇಲಿನ ಕೊಳೆಯಾಗಿ ಕಂಡಿವೆ. ಒಂದೂ ಬಿಡದೆ ಒರೆಸಿ, ಮೈಬಣ್ಣ ಎರಡು ಪಟ್ಟು ಬೆಳ್ಳಗೆ ಮಾಡಿ, ಮೀಸೆ ಬಾಚಿ ಕೂರಿಸಿತ್ತು. ಯಾರೋ ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್ ನಮ್ಮಜ್ಜನ ಪಟಗಾ ಸುತ್ತಿಕೊಂಡು ಕೂತ ಹಾಗಿತ್ತು. ಮುಖ ಸರಿ ಮಾಡುವ ಈ ಎಐಗಳು ಕೆಲಸ ಮಾಡುವುದೇ ಹೀಗೆ. ಜಿಎಫ್‌ಪಿಗ್ಯಾನ್ ಅನ್ನುವ ಹೆಸರಾದ ಒಂದು ಸಾಫ್ಟ್‌ವೇರ್ ಕಲಿತಿರುವುದು ಜನ ಫೋಟೋ ಹಾಕುವ ವೆಬ್‌ಸೈಟ್ ಫ್ಲಿಕರ್‌ನಿಂದ ಆಯ್ದ 70,000 ಮುಖಗಳ ಸಂಗ್ರಹದಿಂದ. ಮಸುಕಾದ ಮುಖ ಕೊಟ್ಟರೆ ತಾನು ಕಂಡ ಮುಖಗಳ ಅಂದಾಜಿನ ಮೇಲೆ ಕಣ್ಣು-ಮೂಗು ತುಂಬಿಸುತ್ತದೆ. ಹರಿದ ಹಿನ್ನೆಲೆ, ಗೋಡೆ, ನೆಲದ ಬಿರುಕು ಮುಚ್ಚಲು ಎಐ ಬಳಸಿದರೆ ನನ್ನದೇನೂ ತಕರಾರಿಲ್ಲ. ಮುಖಕ್ಕೆ ಮಾತ್ರ ಬೇಡವೇ ಬೇಡ.

ಇಷ್ಟರಲ್ಲೇ ಮುಗಿದಿದ್ದರೆ ಬೈದುಕೊಂಡು ಬೇರೆ ಕಡೆ ಮಾಡಿಸುತ್ತಿದ್ದೆ. ಒರಿಜಿನಲ್ ಕೇಳಿದಾಗ ಗೊತ್ತಾಯಿತು, ಅದನ್ನು ಗಾಜಿನಿಂದ ಕಿತ್ತಿದ್ದರು. ಅಜ್ಜನ ಪಟಗಾ, ಅವ್ವನ ಭುಜದ ಒಂದು ಚೂರು ಗಾಜಿನ ಮೇಲೆ ಉಳಿದು, ಪ್ರಿಂಟಿನಲ್ಲಿ ಬಿಳಿ ಪೇಪರ್ ಎದ್ದಿತ್ತು. ಫೋಟೋದ ಮೇಲ್ಪದರ ಜಿಲೆಟಿನ್. ತೇವಕ್ಕೆ ಮೆತ್ತಗಾಗಿ, ಒಣಗಿದಾಗ ಗಾಜನ್ನು ಹಿಡಿದುಕೊಳ್ಳುತ್ತದೆ. ಎಳೆದರೆ ಚಿತ್ರವೇ ಗಾಜಿನ ಜೊತೆ ಹೋಗುತ್ತದೆ. ‘ಮೊದಲ ಹಂಗ ಇತ್ರೀ’ ಅಂದರು ಮಾಲೀಕರು. ಕೊಡುವ ಮುಂಚೆ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಫೋಟೋ ತೋರಿಸಿದೆ. ಅಡ್ವಾನ್ಸ್ ವಾಪಸ್ ಬಂತು. ಚೂರು ಬರಲಿಲ್ಲ.

ನೀವೂ ಕೊಡುವ ಮುಂಚೆ ಹಿಂದೆ-ಮುಂದೆ ಎರಡೂ ಕಡೆ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಒರಿಜಿನಲ್ ಅಂಗಡಿಯಲ್ಲಿ ಬಿಡಲೇಬೇಡಿ. ನಿಮ್ಮ ಎದುರಿಗೇ ಸ್ಕ್ಯಾನ್ ಮಾಡಿಸಿ, ಏನೂ ತಿದ್ದದ ಆ ಫೈಲನ್ನು ಮೊದಲು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. 600 ಡಿಪಿಐ (ಇಂಚಿಗೆ 600 ಚುಕ್ಕೆ), ಟಿಫ್ ಫೈಲ್ (ಚಿತ್ರದ ವಿವರ ಕಳೆಯದೆ ಉಳಿಸುವ ಬಗೆ) ಅಂತ ಕೇಳಿ. ಮಾಮೂಲಿ ಜೆಪೆಗ್ ಫೈಲ್ ಆದರೆ ನಾನು ಹೇಳಿದ ಆ ಸಣ್ಣ ವ್ಯತ್ಯಾಸಗಳು ಸೋರಿಹೋಗುತ್ತವೆ. ಗಾಜಿಗೆ ಅಂಟಿದ ಫೋಟೋ ಆದರೆ ಸ್ಕ್ಯಾನರ್ ಯಾವುದು ಅಂತಲೂ ನೋಡಿ. ಪ್ರಿಂಟರ್ ಜೊತೆಗೇ ಬರುವ ತೆಳ್ಳನೆಯ ಸಿಐಎಸ್ ಸ್ಕ್ಯಾನರುಗಳು ಗಾಜಿನ ದಪ್ಪ ದಾಟಿ ಫೋಕಸ್ ಆಗುವುದಿಲ್ಲ, ಮಸುಕಾಗಿ ಬರುತ್ತದೆ. ದಪ್ಪನೆಯ ಸಿಸಿಡಿ ಸ್ಕ್ಯಾನರ್ ಬೇಕು.

ವಾಟ್ಸಾಪ್ ಸ್ಯಾಂಪಲ್ ನೋಡಿ ಓಕೆ ಅನ್ನಬೇಡಿ. ಅದು ಫೋಟೋವನ್ನು ಕುಗ್ಗಿಸಿಯೇ ಕಳಿಸುತ್ತದೆ, ತಪ್ಪುಗಳೆಲ್ಲ ಅಡಗಿಹೋಗುತ್ತವೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ದೊಡ್ಡದು ಮಾಡಿ ನೋಡಿ. ಮೂಗುತಿ, ಬಳೆ, ಬೆರಳು, ಸೀರೆಯ ದಡಿ ನೋಡಿ. ಎಐ ಸಿಕ್ಕಿಬೀಳುವುದು ಇಲ್ಲೇ. ಮನೆಯ ಹಿರಿಯರಿಗೆ ತೋರಿಸದೆ ಮಾತ್ರ ಬಾಕಿ ದುಡ್ಡು ಕೊಡಬೇಡಿ.

ನಮ್ಮ ಕಥೆ ಸ್ವಲ್ಪ ಸುಧಾರಿಸಿದ್ದು ಬಾಗಲಕೋಟೆಯ ಕಾಕಾನ ಮನೆಯಿಂದ. ಆಗೆಲ್ಲ ಮದುವೆ ಫೋಟೋದ ಕಾಪಿ ಅಣ್ಣ-ತಮ್ಮಂದಿರ ಮನೆಗೆಲ್ಲ ಹೋಗುತ್ತಿತ್ತಲ್ವಾ? ಕಾಕಾನ ಆಲ್ಬಮ್ಮಿನಲ್ಲಿ ಅದೇ ಫೋಟೋ ಇತ್ತು. ಕೆಂಪಗಾಗಿತ್ತು, ಆದರೆ ಎಲ್ಲೂ ಅಂಟಿರಲಿಲ್ಲ. ಅಕ್ಕನ ಮಗಳು ಸ್ಕ್ಯಾನ್ ಮಾಡಿ, ಗಿಂಪ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನ ಬೆಳಕು-ಬಣ್ಣ ಹೊಂದಿಸುವ ಲೆವೆಲ್ಸ್‌ನಲ್ಲಿ ಮೂರೂ ಚಾನೆಲ್ ಒಂದೊಂದಾಗಿ ಸರಿ ಮಾಡಿದಳು. ಹಸಿರು ಬಂತು, ಕೆಂಪು ದಡಿ ಬೇರೆಯಾಯಿತು. ಬಿಳಿಯಲ್ಲಿ ಸ್ವಲ್ಪ ಹಳದಿ ಉಳಿದಿದೆ, ಉಳಿಯಲಿ. ಅಜ್ಜನ ಕಲೆಗಳೂ ಇವೆ.

ಹಾಗಾಗಿ ನಿಮ್ಮ ಪ್ರಿಂಟ್ ಹಾಳಾಗಿದ್ದರೆ ಮೊದಲು ಬಂಧು-ಬಳಗಕ್ಕೆ ಫೋನ್ ಮಾಡಿ. ಸ್ಟುಡಿಯೋ ಆಮೇಲೆ.

ಹೊಸ ಪ್ರಿಂಟಿಗೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಮೌಂಟ್ ಹಾಕಿಸಿ, ಆಗ ಎರಡೂ ಒಂದಕ್ಕೊಂದು ತಾಗುವುದಿಲ್ಲ. ‘ಅದ್ಯಾಕ ಬೇಕ್ರಿ, ಸುಮ್ನ ಖರ್ಚು’ ಅಂತ ಕಟ್ಟು ಹಾಕುವವರು ಅಂದೇ ಅನ್ನುತ್ತಾರೆ. ಕೇಳಬೇಡಿ. ಬಿಸಿ ಲ್ಯಾಮಿನೇಷನ್ ಮಾಡಿಕೊಡುತ್ತೇವೆ ಅಂದರಂತೂ ಫೋಟೋ ಕೈಗೂ ಕೊಡಬೇಡಿ. ಹಳೆಯ ಒರಿಜಿನಲ್ ಗೋಡೆಗೆ ಬೇಡ, ಆಸಿಡ್ ಇಲ್ಲದ ಪೇಪರಿನ ಲಕೋಟೆಯಲ್ಲಿ ಹಾಕಿ ತೇವ ತಾಗದ ಬೀರುವಿನಲ್ಲಿಡಿ.