ಬೆಟ್ಟದ ಹಳ್ಳಿಗಳ ಮುಖಚಿತ್ರಕ್ಕೆ ನೀರಲ್ಲಿ ಬೆರೆಯುವ ಆಯಿಲ್ ಪೇಂಟ್

ಎತ್ತರದ ಬೆಟ್ಟಗಳ ಹಳ್ಳಿಗಳಿಗೆ ಹೋಗಿ ಅಲ್ಲಿನವರ ಮುಖ ಬಿಡಿಸುವವರಿಗೆ, ಎಣ್ಣೆ ಬಣ್ಣ ತೆಳು ಮಾಡೋಕೆ, ಬ್ರಷ್ ತೊಳೆಯೋಕೆ ಬಳಸುವ ಟರ್ಪೆಂಟೈನ್ ದೊಡ್ಡ ತಲೆನೋವು. ವಿಮಾನದಲ್ಲಿ ಒಯ್ಯೋಕೆ ಬಿಡುವುದಿಲ್ಲ. ಹೇಗೋ ಸಿಕ್ಕಿತು ಅಂದ್ರೂ, ಚಳಿಗೆ ಕಿಟಕಿ ಮುಚ್ಚಿದ ಪುಟ್ಟ ಕೋಣೆಯಲ್ಲಿ, ಅಜ್ಜಿ ಒಲೆ ಪಕ್ಕ ಕೂತಿರುವಾಗ, ಸುತ್ತ ಮಕ್ಕಳು ಮುತ್ತಿಕೊಂಡಿರುವಾಗ ಅದರ ಮುಚ್ಚಳ ತೆಗೆಯಬಾರದು. ವಾಸನೆ ಬೇರೆ, ಬೆಂಕಿ ಭಯ ಬೇರೆ. ಅದಕ್ಕೇ ನೀರಲ್ಲಿ ಬೆರೆಯುವ ಆಯಿಲ್ ಪೇಂಟ್ ಸೆಟ್ ತೆಗೆದುಕೊಂಡೆ. ಇನ್ನು ಹಳೆಯದಕ್ಕೆ ಹೋಗುವ ಮಾತೇ ಇಲ್ಲ.

ಇದು ಅಕ್ರಿಲಿಕ್ ಅಲ್ಲ, ಎಣ್ಣೆ ಬಣ್ಣವೇ. ಎಣ್ಣೆ ನೀರಿಗೆ ಹೊಂದಿಕೊಳ್ಳುವ ಹಾಗೆ ಮಾಡಿದ್ದಾರೆ ಅಷ್ಟೇ. ಬ್ರಷ್ ತೊಳೆಯೋಕೆ ನೀರು, ಸೋಪು ಸಾಕು.

ಚರ್ಮದ ಬಣ್ಣಕ್ಕೆ ಹೇಗಿದೆ? ತುಂಬಾ ಚೆನ್ನಾಗಿದೆ. ಎತ್ತರದ ಬಿಸಿಲು, ಒಣ ಗಾಳಿಗೆ ಕೆನ್ನೆಯ ಮೂಳೆ ಮೇಲೆ ಕಂದುಗೆಂಪು ಏರಿರುತ್ತದೆ, ಆದರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಕಣ್ಣಂಚಿನ ಸುಕ್ಕಿನೊಳಗೆ ಬಿಸಿಲು ತಾಗದ ತಿಳಿ ಗೆರೆಗಳು ಉಳಿದಿರುತ್ತವೆ. ಅವರು ನಗು ನಿಲ್ಲಿಸಿ ಮುಖ ಸಡಿಲ ಬಿಟ್ಟಾಗಷ್ಟೇ ಅವು ಕಾಣೋದು. ಬಣ್ಣ ಬೇಗ ಒಣಗದ ಕಾರಣ ಅಂಥ ಗೆರೆಯನ್ನು ಹಸಿ ಬಣ್ಣದೊಳಗೇ ನಿಧಾನಕ್ಕೆ ಎಳೆಯಬಹುದು. ಅಕ್ರಿಲಿಕ್‌ನಲ್ಲಿ ಇದು ಕಷ್ಟ, ಆ ಒಣ ಗಾಳಿಗೆ ಪ್ಯಾಲೆಟ್ ಮೇಲೇ ಗಟ್ಟಿಯಾಗಿಬಿಡುತ್ತೆ.

ಒಂದು ತೊಂದರೆ ಇದೆ, ಚಿಕ್ಕದೇನಲ್ಲ. ನೀರು ಜಾಸ್ತಿಯಾದರೆ ಬಣ್ಣ ಹಾಲು ಬೆರೆತ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ನೀರು ಆರಿದಂತೆ ಗಾಢವಾಗುತ್ತದೆ. ಎದುರಿಗೆ ಕೂತವರ ಕೆನ್ನೆಗೆ ಸರಿಯಾಗಿ ಹೊಂದಿದ ನೆರಳು ಸಂಜೆ ಹೊತ್ತಿಗೆ ಒಂದು ಛಾಯೆ ಕಪ್ಪಾಗಿರುತ್ತದೆ. ಮುಖಚಿತ್ರದಲ್ಲಿ ಅಷ್ಟು ಸಾಕಲ್ವಾ, ಆ ವ್ಯಕ್ತಿಯೇ ಬೇರೆಯಾಗಿ ಕಾಣೋಕೆ? ಹಾಗಾಗಿ ನೀರನ್ನು ಮೊದಲ ತೆಳು ಪದರಕ್ಕೆ ಮಾತ್ರ ಇಡಿ. ಮುಖದ ಕೆಲಸಕ್ಕೆ ಇದೇ ಬಣ್ಣಕ್ಕೆಂದು ಸಿಗುವ ಅಗಸೆ ಎಣ್ಣೆ ಬಳಸಿ.

ದೊಡ್ಡ ಸೆಟ್ ಹೊರಬೇಕಿಲ್ಲ. ಸ್ವೀಡನ್ನಿನ ಚಿತ್ರಕಾರ ಆ್ಯಂಡರ್ಸ್ ಜೋರ್ನ್ (1860–1920) ಹೆಸರಲ್ಲೇ ನಾಲ್ಕೇ ಬಣ್ಣಗಳ ಒಂದು ಆಯ್ಕೆ ಇದೆ: ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕಿತ್ತಳೆ ಛಾಯೆಯ ಕೆಂಪು), ಕಪ್ಪು. ಅದಕ್ಕೆ ಅಲ್ಟ್ರಾಮರೀನ್ (ಗಾಢ ನೀಲಿ) ಒಂದು ಸೇರಿಸಿಕೊಳ್ಳಿ. ಅಲ್ಲಿ ಬಯಲಲ್ಲಿ ಕೂರಿಸಿದರೆ ಮುಖದ ನೆರಳಿಗೆಲ್ಲ ಆಕಾಶದ ನೀಲಿ ಇಳಿದಿರುತ್ತದೆ, ಆ ನಾಲ್ಕರಲ್ಲಿ ನೀಲಿಯ ಜಾಗದಲ್ಲಿರುವ ಕಪ್ಪಿನಿಂದ ಅದು ಪೂರ್ತಿ ಬರೋದಿಲ್ಲ.

ಚಳಿಯಲ್ಲಿ ಒಣಗೋದು ಇನ್ನೂ ತಡ, ಬಿಳಿ ಜಾಸ್ತಿ ಹಾಕಿದ ಕಡೆಯಂತೂ ತೀರಾ ತಡ. ಹಾಗಾಗಿ ಚಿತ್ರ ಬಿಡಿಸಿದ ಬೋರ್ಡುಗಳು ಒಂದಕ್ಕೊಂದು ತಾಗದಂತೆ ಮೂಲೆಗೆ ಕಾರ್ಕ್ ತುಂಡು ಇಟ್ಟು ಕಟ್ಟಿ. ಮತ್ತೆ, ಸೆಟ್‌ನಲ್ಲಿ ಬರುವ ಬಿಳಿ ಟ್ಯೂಬ್ ಯಾವುದಕ್ಕೂ ಸಾಲದು, ದೊಡ್ಡದೊಂದನ್ನು ಬೇರೆಯಾಗಿಯೇ ಕೊಂಡುಬಿಡಿ.