ನಿಧಿ ಸಂಗ್ರಹಕ್ಕೆ ಗೇಮ್ ಮ್ಯಾರಥಾನೋ, ಯಕ್ಷಗಾನವೋ?

ಮುಂಬಯಿಯ ಕನ್ನಡ ಸಂಘಗಳು ವಿದ್ಯಾರ್ಥಿವೇತನಕ್ಕೋ ಚಿಕಿತ್ಸೆಗೋ ಹಣ ಕೂಡಿಸಲು ಹೊರಟಾಗ ಸಹಾಯಾರ್ಥ ಯಕ್ಷಗಾನವೇ ಮೊದಲು ನೆನಪಾಗುತ್ತದೆ. ಆದರೆ ತರುಣರು ಮುಂದಿಡುವ ವಿಡಿಯೊ ಗೇಮ್ ಮ್ಯಾರಥಾನನ್ನು, ಅಂದರೆ ಬಿಡದೆ ಆಟವಾಡುತ್ತ ಅದನ್ನು ನೇರಪ್ರಸಾರ ಮಾಡಿ ದಾನ ಕೇಳುವುದನ್ನು, ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ 2010ರಲ್ಲಿ ಆರಂಭವಾದ 'ಗೇಮ್ಸ್ ಡನ್ ಕ್ವಿಕ್' ಹಗಲಿರುಳು ಆಟಗಳನ್ನು ನೇರಪ್ರಸಾರ ಮಾಡಿ, ಕ್ಯಾನ್ಸರ್ ತಡೆಯ ಪ್ರತಿಷ್ಠಾನಕ್ಕೂ 'ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆಗೂ ಕೋಟ್ಯಂತರ ರೂಪಾಯಿ ಒದಗಿಸಿದೆ. ಅಲ್ಲಿ ಆಟದೊಳಗಿನ ಪಾತ್ರಕ್ಕೆ ಯಾವ ಹೆಸರಿಡಬೇಕೆಂಬುದಕ್ಕೂ ದಾನಿಗಳು ಹಣ ಕಟ್ಟಿ ಪೈಪೋಟಿ ನಡೆಸುತ್ತಾರೆ. ನಮ್ಮ ದೇವಸ್ಥಾನದ ಹರಾಜಿನ ತೆಂಗಿನಕಾಯಿಯ ತಂತ್ರವೇ ಅದು.

ಯಕ್ಷಗಾನದಲ್ಲಿ ಸಭಾಗೃಹದ ಬಾಡಿಗೆ, ಮೇಳದ ಸಂಭಾವನೆ, ಊಟೋಪಚಾರ ಕಳೆದು ಉಳಿದದ್ದಷ್ಟೇ ನಿಧಿಗೆ ಸೇರುತ್ತದೆ. ಆದರೂ ಮಾಟುಂಗಾದ ವೇದಿಕೆಯಲ್ಲಿ ಶಾಲು ಹೊದಿಸಿಕೊಂಡ ಹೋಟೆಲ್ ಮಾಲೀಕರು, ಪಕ್ಕದವರ ಮೊತ್ತ ಕೇಳಿ ತಮ್ಮ ಚೆಕ್ಕಿಗೆ ಸೊನ್ನೆಯೊಂದನ್ನು ಸೇರಿಸುವ ಆ ಕ್ಷಣವನ್ನು ಯಾವ ಪರದೆಯೂ ಕೊಡಲಾರದು.

ಮ್ಯಾರಥಾನಿಗೆ ಕಂಪ್ಯೂಟರ್, ಇಂಟರ್ನೆಟ್, ಪಾಳಿಯಲ್ಲಿ ಕೂರುವ ಐದಾರು ಮಂದಿ ಸಾಕು. ನೇರಪ್ರಸಾರದ ನಡುವೆ ನೋಡುಗರು ಹಣ ಕೊಟ್ಟು ಸಂದೇಶ ಕಳಿಸುವ ಯೂಟ್ಯೂಬಿನ ಸೂಪರ್ ಚಾಟ್ ಮೂಲಕ ದಾನ ಪಡೆದರೆ ಸುಮಾರು ಶೇ. 30 ಅಲ್ಲೇ ಕಡಿತವಾಗುವುದರಿಂದ, ಟ್ರಸ್ಟಿನ ಯುಪಿಐ ಕ್ಯೂಆರ್ ಕೋಡನ್ನೇ ಪರದೆಯ ಮೂಲೆಯಲ್ಲಿ ತೋರಿಸಬೇಕು. ದೊಡ್ಡ ದಾನಿಗಳ ಪರಿಚಯವಿರುವ ಸಂಘಕ್ಕೆ ಯಕ್ಷಗಾನವೇ ಮೇಲು. ಕೈಯಲ್ಲಿ ಬಂಡವಾಳವಿಲ್ಲದೆ, ನೂರಿನ್ನೂರು ಕೊಡುವ ಗೆಳೆಯರೇ ಹೆಚ್ಚಿರುವ ಡೊಂಬಿವಲಿಯ ಹುಡುಗರಿಗೆ ಮ್ಯಾರಥಾನನ್ನೇ ಸೂಚಿಸುತ್ತೇನೆ.