ಮೊದಲೇ ಬುಕ್ ಮಾಡುವುದೋ, ಬಸ್ ಹತ್ತಿ ನೋಡುವುದೋ: ಕೊಪ್ಪಳ ಸೀಮೆಯಲ್ಲಿ ಮೂರು ಬಗೆಯ ತಿರುಗಾಟ

ಎರಡೂವರೆ ವರ್ಷದಿಂದ ನನಗೆ ಕಾಯಂ ಮನೆಯಿಲ್ಲ. ಶಿವಮೊಗ್ಗದ ಬಾಡಿಗೆ ಮನೆ ಖಾಲಿ ಮಾಡಿ, ಎರಡು ಬ್ಯಾಗು, ಒಂದು ಲ್ಯಾಪ್‌ಟಾಪ್ ಹಿಡಿದು ಊರೂರಲ್ಲಿ ಇರುತ್ತೇನೆ. ಕರಡು ತಿದ್ದುವ ಕೆಲಸ, ಎಲ್ಲಿ ಕೂತರೂ ನಡೆಯುತ್ತದೆ. ಎಲ್ಲಾ ಮೊದಲೇ ಗೊತ್ತು ಮಾಡಿಕೊಂಡು ಹೋಗ್ತೀಯಾ, ಹೋದಲ್ಲಿ ನೋಡ್ಕೋತೀಯಾ ಎಂದು ಸಿಕ್ಕವರೆಲ್ಲ ಕೇಳುತ್ತಾರೆ. ಕೊಪ್ಪಳ, ರಾಯಚೂರು ಕಡೆ ನಾನು ಎರಡನ್ನೂ ಮಾಡಿದ್ದೇನೆ. ಆಮೇಲೆ ಇವೆರಡರ ನಡುವಿನದೊಂದನ್ನೂ ಮಾಡಿದೆ.

ಮೊದಲ ಸಲ ಬಂದದ್ದು ಡಿಸೆಂಬರಿನಲ್ಲಿ, ನಾಲ್ಕು ದಿನಕ್ಕೆ. ಆನೆಗೊಂದಿ ಹತ್ತಿರ ರೂಮಿಗೆ ಪೂರ್ತಿ ಹಣ ಮುಂಗಡ, ಒಂದು ದಿನಕ್ಕೆ ಕಾರು, ಫೋನಿನಲ್ಲಿ ಗಂಟೆಗಂಟೆಯ ಪಟ್ಟಿ. ಇದರ ಲಾಭವನ್ನು ಅಲ್ಲಗಳೆಯುವುದಿಲ್ಲ. ಮೊದಲ ಬೆಳಗ್ಗೆಯೇ ಕತ್ತಲಿರುವಾಗ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ, ಬಂಡೆಗಳ ನಡುವೆ ತುಂಗಭದ್ರೆಯೂ ಆಚೆ ದಂಡೆಯ ಹಂಪಿಯೂ ಬೆಳಕಿಗೆ ಬರುವುದನ್ನು ನೋಡಿದೆ. ಕೆಲಸವೂ ಒಂದು ದಿನ ತಡವಾಗಲಿಲ್ಲ.

ಆದರೆ ಇಟಗಿಯಲ್ಲಿ ಹೊಟ್ಟೆ ಉರಿಯಿತು. 1112ರಲ್ಲಿ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. 'ದೇವಾಲಯ ಚಕ್ರವರ್ತಿ' ಎಂಬ ಹೆಸರು ಅಲ್ಲಿಯ ಶಾಸನದ್ದೇ. ನನ್ನ ಪಟ್ಟಿಯಲ್ಲಿ ಅದಕ್ಕಿದ್ದದ್ದು ನಲವತ್ತು ನಿಮಿಷ. ಒಂದು ಕಂಬದ ಕೆತ್ತನೆಯನ್ನು ಸುತ್ತು ಹಾಕಿ ನೋಡಲು ಶುರು ಮಾಡಿದ್ದೆನಷ್ಟೆ, ಡ್ರೈವರ್ ಹಾರ್ನ್ ಹೊಡೆದರು. ಕುಕನೂರಿನ ನವಲಿಂಗ ಗುಡಿ ಬಾಕಿ ಇತ್ತು, ಕಾರಿನ ಬಾಡಿಗೆ ಓಡುತ್ತಿತ್ತು. ಇನ್ನೊಂದು ದಿನ ಇದ್ದುಬಿಡೋಣ ಅನ್ನಿಸಿದರೂ ಆನೆಗೊಂದಿಯಲ್ಲಿ ಕಟ್ಟಿದ ಹಣ ವಾಪಸ್ ಬರುವಂತಿರಲಿಲ್ಲ. ಮನಸ್ಸು ಬದಲಾಯಿಸಲು ಧೈರ್ಯ ಬೇಕು ಅಂತ ಜನ ಹೇಳುತ್ತಾರೆ. ನನ್ನ ಅನುಭವದಲ್ಲಿ ಅವತ್ತು ಕಾಲು ಕಟ್ಟಿದ್ದು ಮುಂಗಡ.

ಎರಡನೇ ಸಲ, ಜನವರಿಯಲ್ಲಿ, ಏನನ್ನೂ ಬುಕ್ ಮಾಡದೆ ಬಂದೆ. ಹತ್ತು ದಿನ ಅಂದುಕೊಂಡಿದ್ದು, ಅದೂ ಅಂದಾಜು. ಇಲ್ಲಿ ಶಕ್ತಿ ಯೋಜನೆಯ ಮಾತು ಹೇಳಲೇಬೇಕು. 2023ರ ಜೂನ್ 11ರಿಂದ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಇದರಿಂದ ಹಣ ಉಳಿಯುತ್ತದೆ ಎಂದಷ್ಟೇ ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಂಡದ್ದು ಬೇರೆ: ನಡುದಾರಿಯಲ್ಲಿ ಇಳಿದರೆ ನಷ್ಟವೇ ಇಲ್ಲ. ಮುದಗಲ್ ಕೋಟೆಗೆಂದು ಸಿಂಧನೂರಿನಲ್ಲಿ ಲಿಂಗಸೂಗೂರು ಬಸ್ ಹತ್ತಿದವಳು ಮಸ್ಕಿಯ ಬೆಟ್ಟ ಕಂಡ ಕೂಡಲೇ ಇಳಿದೆ. 1915ರಲ್ಲಿ ಪತ್ತೆಯಾದ ಅಲ್ಲಿಯ ಬಂಡೆ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದೆ. ಬಂಡೆಯ ಮುಂದೆ ಎಷ್ಟು ಹೊತ್ತು ನಿಂತೆನೋ, ಯಾರೂ ಹಾರ್ನ್ ಹೊಡೆಯಲಿಲ್ಲ. ಮುದಗಲ್‌ಗೆ ಹೋಗಿದ್ದು ಮಾರನೇ ದಿನ.

ಕಿನ್ನಾಳವೂ ಹೀಗೇ ಸಿಕ್ಕಿತು. ಕೊಪ್ಪಳ ಬಸ್ ನಿಲ್ದಾಣದಲ್ಲಿ ಒಗ್ಗಾಣಿ ಮಿರ್ಚಿ ತಿನ್ನುತ್ತಿದ್ದಾಗ ಪಕ್ಕದ ಬೆಂಚಿನ ಅಜ್ಜಿ, "ಯವ್ವಾ, ಗೊಂಬಿ ಮಾಡೂದು ನೋಡಿಯೇನು? ಬಾ, ನಮ್ಮೂರ ಬಸ್ಸು ನಿಂತೈತಿ" ಅಂದರು. ಅವರ ಹಿಂದೆ ಹತ್ತಿಬಿಟ್ಟೆ. ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಹಗುರ ಮರದ ಹಸುವೊಂದು ಅಡ್ಡಬಿದ್ದಿತ್ತು. ಮನೆಯವರು ಹುಣಸೆ ಬೀಜ ಅರೆದು ಮಾಡಿದ ಅಂಟಿಗೆ ಮರದ ಹೊಟ್ಟು ಕಲಸಿ, ಕಾಲು ಸೇರುವ ಸಂದಿಗೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಒತ್ತುವುದು, ಒದ್ದೆ ಬೆರಳಿನಿಂದ ಸವರುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಒತ್ತುವುದು. ಬಣ್ಣ ಬೀಳುವ ಮೊದಲು ಆ ಸಂದಿ ಕಣ್ಣಿಗೆ ಕಾಣಬಾರದಂತೆ. ಇದು ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ಮಧ್ಯಾಹ್ನಕ್ಕೆ ಬದಲಾಗಿ ಬೇರೆ ಯಾವುದನ್ನು ಕೊಟ್ಟರೂ ನಾನು ಒಲ್ಲೆ.

ಇನ್ನು ಪೆಟ್ಟು ತಿಂದದ್ದು. ಗವಿಮಠದ ಜಾತ್ರೆಯ ಹಿಂದಿನ ಸಂಜೆ ಕೊಪ್ಪಳಕ್ಕೆ ಬಂದಿಳಿದೆ. ಲಕ್ಷಗಟ್ಟಲೆ ಜನ ಸೇರುವ ಜಾತ್ರೆ, ಒಂದು ಲಾಡ್ಜಿನಲ್ಲೂ ಜಾಗವಿಲ್ಲ. ದಾಸೋಹದಲ್ಲಿ ಜೋಳದ ರೊಟ್ಟಿ, ಮಾದಲಿ ತಿಂದೆ. ಹಳ್ಳಿಹಳ್ಳಿಯ ಮನೆಗಳಲ್ಲಿ ಬಡಿದು ಕಳಿಸಿದ ರೊಟ್ಟಿ ಅದು. ಹೊಟ್ಟೆಯ ಚಿಂತೆ ಇರಲಿಲ್ಲ, ಆದರೆ ಒಬ್ಬಳೇ ಹೆಂಗಸಿಗೆ ರಾತ್ರಿ ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕೇ ಬೇಕು. ಹತ್ತು ಗಂಟೆಗೆ ಹೊಸಪೇಟೆಗೆ ಹೋಗಿ ರೂಮು ಹುಡುಕಿದೆ. ಮಾರನೇ ದಿನ ಸಂಜೆ ಐದಕ್ಕೆ ಕಳಿಸಬೇಕಿದ್ದ ಅರವತ್ತು ಪುಟ ಮೂರು ಗಂಟೆ ತಡವಾಯಿತು. ಆ ಪ್ರಕಾಶಕರು ಆಮೇಲೆ ಕೆಲಸ ಕೊಡಲಿಲ್ಲ.

ಹಾಗಾಗಿ ಮೂರನೇ ಸಲ, ಆಗಸ್ಟಿನಲ್ಲಿ, ಗಂಗಾವತಿಯಲ್ಲಿ ಒಂದು ಮನೆಯ ಮೇಲಿನ ಕೋಣೆಯನ್ನು ತಿಂಗಳಿಗೆ ಹಿಡಿದೆ. ರಾತ್ರಿಯ ಊಟ ಕೆಳಗಿನ ಮನೆಯವರದೇ. ಬೆಳಗ್ಗೆ ಹತ್ತರತನಕ ಕೆಲಸ, ಆಮೇಲೆ ಬಸ್ ನಿಲ್ದಾಣ. ಯಾವ ಬಸ್ ಮೊದಲು ಹೊರಡುತ್ತದೋ ಆ ಕಡೆ. ಹಿರೇಬೆಣಕಲ್ಲಿನ ಬೆಟ್ಟಕ್ಕೆ ಮೂರು ಸಲ ಹೋದೆ. ಮೊದಲ ಸಲ ಮಳೆ ಬಂದು ಅರ್ಧಕ್ಕೇ ತಿರುಗಿದ್ದೆ. ಮೋರ್ಯರ ಮನೆ ಎಂದು ಕರೆಯುವ ಕಲ್ಲುಚಪ್ಪಡಿಯ ಪ್ರಾಚೀನ ಸಮಾಧಿಗಳ ನಡುವೆ ಕೂತದ್ದು ಎರಡನೆಯ ಸಲ. ತಿರುಗಿ ಬರಲು ಗೂಡೊಂದು ಇದ್ದರೆ ಅರ್ಧಕ್ಕೆ ಬಿಡುವುದೂ ಹಗುರ.

ಕೆಲಸ ಇಟ್ಟುಕೊಂಡು ತಿರುಗುವವರಿಗೆ ನನ್ನ ಮತ ಇದಕ್ಕೇ. ನಾಲ್ಕೇ ದಿನ ರಜೆ ಇರುವವರು ಮೊದಲಿನದನ್ನೇ ಮಾಡಲಿ, ಆದರೆ ಇಟಗಿಗೆ ಅರ್ಧ ದಿನ ಇಡಲಿ. ಎರಡನೆಯದನ್ನು ಜಾತ್ರೆ, ಹುಣ್ಣಿಮೆಯ ದಿನ ಮಾಡಲೇಬಾರದು. ಹುಲಿಗೆಮ್ಮನ ಗುಡಿಯಿರುವ ಹುಲಿಗಿಯಲ್ಲಂತೂ ಮಂಗಳವಾರ, ಶುಕ್ರವಾರವೂ ಗದ್ದಲ.

ಮೂರನೆಯದರಲ್ಲೂ ಒಂದು ತಪ್ಪು ಮಾಡಿದೆ. ಒಂದಿನ ಕುಷ್ಟಗಿಯಲ್ಲೇ ಉಳಿಯೋಣ ಅನ್ನಿಸಿ ಉಳಿದೆ, ಮನೆಗೆ ಹೇಳಲಿಲ್ಲ. ಮಾರನೇ ದಿನ ಬಂದಾಗ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿದ ಹಾಗೇ ಇದ್ದವು, ಪಕ್ಕದಲ್ಲಿ ಪುಂಡಿ ಪಲ್ಯ. ಕೆಳಗಿನ ಮನೆಯ ಅಕ್ಕ ರಾತ್ರಿ ಹನ್ನೊಂದರತನಕ ಕಾದಿದ್ದರು. ಅವರು ಬೈಯಲಿಲ್ಲ, ನನಗೇ ಆ ರೊಟ್ಟಿ ನೋಡಲಾಗಲಿಲ್ಲ.

ಅದೇ ವಾರ ಕುಷ್ಟಗಿ ರಸ್ತೆಯಲ್ಲಿ ಕುರಿಗಾರರೊಬ್ಬರು ಸಿಕ್ಕರು. ಯಾವ ಕಡೆ ಹೊರಟಿರಿ ಕಾಕಾ ಅಂದೆ. "ತೆಳಗ ಕಾಲುವಿ ನೀರು ಬಿಟ್ಟು ನಾಟಿ ನಡಸ್ಯಾರ. ಅಲ್ಲಿ ಕುರಿ ಎಲ್ಲಿ ಮೇಯ್ಬೇಕು? ಈ ಕಡಿ ಹೊಂಟೀವಿ. ಹುಲ್ಲು ಸಿಗಲಿಲ್ಲಂದ್ರ ನಾಳಿ ಮತ್ತೊಂದು ಕಡಿ." ಅಷ್ಟು ಹೇಳಿ ಫೋನ್ ಕಿವಿಗೆ ಹಿಡಿದರು. ಅವತ್ತಿನ ರಾತ್ರಿ ಯಾರ ಹೊಲದಲ್ಲಿ ಕುರಿ ನಿಲ್ಲಿಸಬೇಕಿತ್ತೋ ಆ ರೈತನಿಗೆ, ಇವತ್ತು ಬರುವುದಿಲ್ಲ, ದಾರಿ ಬದಲಾಯಿತು ಎಂದು ಹೇಳಿದರು. ಆಮೇಲೆ ಇನ್ನೊಬ್ಬ ರೈತನಿಗೆ, ಬರುತ್ತೇವೆ ಎಂದು. ಎರಡೂ ಫೋನು ಮುಗಿದ ಮೇಲೆಯೇ ಕುರಿ ತಿರುಗಿಸಿದ್ದು.

ಈಗ ಎಲ್ಲಿದ್ದರೂ ಮಧ್ಯಾಹ್ನ ಮೂರರೊಳಗೆ ಫೋನ್ ಮಾಡುತ್ತೇನೆ. ನಿನ್ನೆಯೂ ಮಾಡಿದೆ, ಯಲಬುರ್ಗಾ ಬಸ್ಸಿನ ಕಿಟಕಿಯಿಂದ. "ಅಕ್ಕಾ, ಇವತ್ತು ಬರಲ್ಲ, ನನಗೆ ರೊಟ್ಟಿ ಬಡೀಬೇಡಿ."

"ಆತು ತಂಗಿ. ನಾಳಿ ಬಾ, ಹೊಸ ಗುರೆಳ್ಳು ಚಟ್ನಿ ಕುಟ್ಟೀನಿ."